ಒಂದೇ ಕ್ಲಿಕ್, ಅಷ್ಟೇ

ಭಾವ ಕೇಳಿದ್ದು ಇಷ್ಟೇ: ‘ಆ ಎರಡು ಪಿಡಿಎಫ್ ಸೇರಿಸಿ ಒಂದೇ ಫೈಲ್ ಮಾಡಿ ಕಳಿಸಿಬಿಡಿ.’

ಸಂಜೆ ಆರೂಕಾಲಿಗೆ ಈ ಮೆಸೇಜ್ ಬಂತು. ನನಗೆ ಒಳಗೊಳಗೇ ಖುಷಿ. ಹೊಸ ಹೊಸ ವೆಬ್ ಆ್ಯಪ್ ಹುಡುಕಿ ಕೂಡಿಡುವುದು ನನ್ನ ಹಳೇ ಚಟ. ನನ್ನ ಬುಕ್‌ಮಾರ್ಕ್ ಪಟ್ಟಿಯನ್ನು ಕೆಳಗೆ ಎಳೆಯುತ್ತಾ ಹೋದರೆ ಬೆರಳು ಸೋಲುತ್ತದೆಯೇ ಹೊರತು ತಳ ಸಿಗುವುದಿಲ್ಲ. ಫೋಟೊದ ಹಿನ್ನೆಲೆ ಅಳಿಸುವ ಸೈಟುಗಳೇ ನಾಲ್ಕಿವೆ. ಮಳೆಯ ಸದ್ದು ಕೇಳಿಸುವ ಸೈಟ್ ಒಂದಿದೆ. ಹೊರಗೆ ನಿಜವಾದ ಮಳೆ ಸುರಿಯುವಾಗ ಕಿಟಕಿ ಮುಚ್ಚಿ ಅದನ್ನು ಹಾಕಿಕೊಂಡದ್ದೂ ಉಂಟು. ಇವೆಲ್ಲ ‘ಮುಂದೆ ಬೇಕಾಗಬಹುದು’ ಎಂಬ ಫೋಲ್ಡರಿನಲ್ಲಿ ವರ್ಷಗಳಿಂದ ಮಲಗಿವೆ. ಆ ‘ಮುಂದೆ’ ಇವತ್ತು ಬಂದಿತ್ತು.

ಫೋಲ್ಡರ್ ತೆರೆದೆ. ಪಿಡಿಎಫ್ ಸೇರಿಸುವ ಮೊದಲನೇ ಸೈಟ್ ತೀರಿಕೊಂಡಿತ್ತು. ಆ ವಿಳಾಸದಲ್ಲಿ ಈಗ ಯಾರೋ ಕೂದಲು ಬೆಳೆಸುವ ಎಣ್ಣೆ ಮಾರುತ್ತಿದ್ದರು. ಎರಡನೆಯದರ ಬಾಗಿಲಿಗೆ ಪತ್ರ ಅಂಟಿಸಿದ್ದರು. ‘ನಿಮ್ಮ ಪ್ರೀತಿಗೆ ನಾವು ಋಣಿ. ನಾವೀಗ ಇನ್ನೂ ದೊಡ್ಡ ಕುಟುಂಬವೊಂದನ್ನು ಸೇರುತ್ತಿದ್ದೇವೆ. ಇದನ್ನು ತಿಳಿಸಲು ತುಂಬ ಸಂತೋಷ. ಈ ತಿಂಗಳ ಕೊನೆಗೆ ನಿಮ್ಮ ಫೈಲುಗಳೆಲ್ಲ ಅಳಿಸಿಹೋಗುತ್ತವೆ.’ ಮದುವೆಯ ಕರೆಯೋಲೆ, ಸಾವಿನ ಸುದ್ದಿ, ಎರಡೂ ಒಂದೇ ಕಾಗದದಲ್ಲಿ. ತಾರೀಖು ನೋಡಿದೆ. ಆ ತಿಂಗಳು ಮುಗಿದು ಮೂರು ವರ್ಷವಾಗಿತ್ತು.

ಮೂರನೆಯದು ಉಸಿರಾಡುತ್ತಿತ್ತು. ಹಣೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು: ‘ಉಚಿತ. ಸುಲಭ. ಒಂದೇ ಕ್ಲಿಕ್.’

ನಾನು ಎಣಿಸುತ್ತಾ ಹೋದೆ.

ಮೊದಲ ಕ್ಲಿಕ್ ಕುಕ್ಕಿಗೆ, ಅಂದರೆ ಸೈಟು ನಮ್ಮ ಬ್ರೌಸರಿನಲ್ಲಿ ಇಟ್ಟುಹೋಗುವ ನೆನಪಿನ ಚೀಟಿಗೆ, ಹೋಯಿತು. ‘ನಿಮ್ಮ ಖಾಸಗಿತನ ನಮಗೆ ಬಹಳ ಮುಖ್ಯ’ ಎಂಬ ಸಾಲಿನಿಂದ ಶುರುವಾಗಿ, ಅದನ್ನು ಹಂಚಿಕೊಳ್ಳಲಿರುವ ನೂರಾರು ಪಾಲುದಾರರ ಪಟ್ಟಿಯಲ್ಲಿ ಮುಗಿಯುವ ಪೆಟ್ಟಿಗೆ ಅದು. ಕುಕ್ಕಿಯನ್ನು 1994ರಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯ ಲೂ ಮಾಂಟುಲಿ ಕಂಡುಹಿಡಿದದ್ದೇ ವೆಬ್‌ಸೈಟಿಗೆ ಸ್ವಲ್ಪ ಜ್ಞಾಪಕಶಕ್ತಿ ಬರಲಿ ಅಂತ. ಅಂಥ ಕುಕ್ಕಿಗೆ, ಹೋದ ಸಲ ನಾನು ‘ಬೇಡ’ ಅಂದದ್ದೊಂದು ಮಾತ್ರ ನೆನಪೇ ಇರುವುದಿಲ್ಲ. ‘ಒಪ್ಪುತ್ತೇನೆ’ ಬಟನ್ ಹಸಿರಾಗಿ ಹೊಳೆಯುತ್ತಿತ್ತು. ‘ಬೇಡ’ ಅನ್ನುವುದು ಮೂರು ಪುಟದ ಹಿಂದೆ, ಬೂದಿ ಬಣ್ಣದಲ್ಲಿ, ತಪ್ಪು ಮಾಡಿದ ಮಗುವಿನ ಹಾಗೆ ನಿಂತಿತ್ತು.

ಆಮೇಲೆ ಫೈಲ್ ಹಾಕಿದೆ. ಎಷ್ಟಾಯಿತು ಅಂತ ತೋರಿಸುವ ಪಟ್ಟಿ ಓಡಿತು. ಬಣ್ಣದ ಕಾಗದದ ಚೂರುಗಳು ಪರದೆಯ ತುಂಬ ಉದುರಿದವು. ‘ಅಭಿನಂದನೆ! ನಿಮ್ಮ ಫೈಲ್ ಸಿದ್ಧವಾಗಿದೆ!’ ಕೆಳಗೆ ಬಟನ್: ‘ಡೌನ್‌ಲೋಡ್ ಮಾಡಲು ಲಾಗಿನ್ ಆಗಿ.’

ಇದನ್ನು ಮೊದಲೇ ಹೇಳಬಹುದಿತ್ತು ಅಲ್ವಾ? ಹೇಳುವುದಿಲ್ಲ. ಮಗುವನ್ನು ಎತ್ತಿಕೊಂಡು ಹೋದ ಮೇಲೆಯೇ ದುಡ್ಡು ಕೇಳುವುದು ಈ ಕಸುಬಿನ ಪದ್ಧತಿ. ನನ್ನ ಎರಡು ಫೈಲು ಹೇಗೂ ಅವರ ಮನೆಯೊಳಗಿವೆ. ಇಮೇಲ್ ಕೊಟ್ಟೆ. ಆರಂಕಿಯ ಕೋಡ್ ಕಳಿಸಿದ್ದೇವೆ ಅಂದರು. ಅದು ಸ್ಪ್ಯಾಮ್‌ನಲ್ಲಿ ಅಡಗಿ ಕೂತಿತ್ತು. ನನ್ನ ಇಮೇಲಿಗೆ ನನಗಿಂತ ಜಾಸ್ತಿ ಬುದ್ಧಿ.

ನಂತರ ಪಾಸ್‌ವರ್ಡ್. ದೊಡ್ಡಕ್ಷರ ಬೇಕು, ಅಂಕಿ ಬೇಕು, ಚಿಹ್ನೆ ಬೇಕು, ಆ ಚಿಹ್ನೆ ಬೇಡ. 2023ರಲ್ಲಿ ನೀಲ್ ಅಗರ್‌ವಾಲ್ ಎಂಬ ಹುಡುಗ ಇದನ್ನೇ ಅಣಕಿಸಿ ‘ದಿ ಪಾಸ್‌ವರ್ಡ್ ಗೇಮ್’ ಎಂಬ ಆಟ ಮಾಡಿ ನೀಲ್ ಡಾಟ್ ಫನ್ ಸೈಟಿನಲ್ಲಿ ಹಾಕಿದ. ಐದಕ್ಷರ ಸಾಕು ಅಂತ ಸಾಧುವಾಗಿ ಶುರುವಾಗುತ್ತದೆ. ಆಮೇಲೆ ಅಂಕಿಗಳೆಲ್ಲ ಕೂಡಿದರೆ 25 ಆಗಬೇಕು ಅನ್ನುತ್ತದೆ. ಇವತ್ತು ಚಂದ್ರ ಯಾವ ಕಲೆಯಲ್ಲಿದ್ದಾನೋ ಆ ಚಿತ್ರ ಪಾಸ್‌ವರ್ಡಿನಲ್ಲಿರಬೇಕು. ಪಾಲ್ ಎಂಬ ಮೊಟ್ಟೆಯೊಂದನ್ನು ಕಾಪಾಡಬೇಕು. ನಡುವೆ ಪಾಸ್‌ವರ್ಡಿಗೆ ಬೆಂಕಿ ಹತ್ತಿಕೊಳ್ಳುತ್ತದೆ, ಆರಿಸಬೇಕು. ಮೊಟ್ಟೆ ಒಡೆದು ಮರಿ ಬಂದರೆ ಅದಕ್ಕೆ ಹುಳ ತಿನ್ನಿಸಬೇಕು. ಲೋಕವೆಲ್ಲ ನಕ್ಕು ನಕ್ಕು ಆಡಿತು. ಆ ಆಟಕ್ಕೂ ನನ್ನ ಮುಂದಿದ್ದ ಸೈಟಿಗೂ ವ್ಯತ್ಯಾಸ ಒಂದೇ: ಆಟ ಆಡಲು ಲಾಗಿನ್ ಬೇಕಿರಲಿಲ್ಲ.

‘ರೀ, ಅಣ್ಣನಿಗೆ ಆ ಫೈಲ್ ಕಳಿಸಿದ್ರಾ?’ ಒಳಗಿನಿಂದ ದನಿ.

‘ಇಗೋ, ಒಂದೇ ಕ್ಲಿಕ್!’

ಏಳು ಗಂಟೆಯಾಗಿತ್ತು. ಸೈಟು ಈಗ ನನ್ನನ್ನು ಪರಿಚಯ ಮಾಡಿಕೊಳ್ಳುತ್ತಿತ್ತು. ನಿಮ್ಮ ಹುದ್ದೆ ಏನು? ತಂಡದಲ್ಲಿ ಎಷ್ಟು ಜನ? ಒಬ್ಬನೇ ಅಂದೆ. ‘ಒಂಟಿಯಾಗಿ ಯಾಕೆ? ಸಹೋದ್ಯೋಗಿಗಳನ್ನು ಕರೆಯಿರಿ’ ಅಂತು. ಎರಡು ಪುಟ ಸೇರಿಸಲು ಎಷ್ಟು ಜನ ಹಿಡಿಯಬೇಕು ಅಂತ ಇವರ ಲೆಕ್ಕವೋ ತಿಳಿಯದು. ಮೂಲೆಯಲ್ಲಿ ಒಂದು ರೋಬೋ ಚಿತ್ರ ಕೈ ಬೀಸುತ್ತಾ ‘ನಾನು ನಿಮ್ಮ ಎಐ ಗೆಳೆಯ’ ಅಂದಿತು. ಅದರ ಪಕ್ಕದಲ್ಲೇ ಇನ್ನೊಂದು ಪೆಟ್ಟಿಗೆ, ನಾನು ರೋಬೋ ಅಲ್ಲ ಅಂತ ಸಾಬೀತು ಮಾಡಲು ಟ್ರಾಫಿಕ್ ದೀಪ ಇರುವ ಚೌಕಗಳನ್ನೆಲ್ಲ ಒತ್ತು ಅಂತ ಹಠ ಹಿಡಿದಿತ್ತು. ದೀಪದ ಕಂಬವೂ ದೀಪದ ಲೆಕ್ಕಕ್ಕೆ ಬರುತ್ತದೆಯೇ? ಎರಡು ಸಲ ಫೇಲಾದೆ.

ಕೊನೆಗೆ ಬಂತು ಅಸಲಿ ಬಾಗಿಲು. ‘ಏಳು ದಿನ ಸಂಪೂರ್ಣ ಉಚಿತ! ಕಾರ್ಡ್ ನಂಬರ್ ಹಾಕಿ.’ ಅದು ಬೇಡವಾದವರಿಗೆ ಕೆಳಗೊಂದು ಸಣ್ಣ ಸಾಲು: ‘ಬೇಡ, ಸಮಯ ಹಾಳು ಮಾಡುವುದೇ ನನಗಿಷ್ಟ.’ ನನ್ನ ಕೈಯಿಂದಲೇ ನನ್ನನ್ನು ಬೈಸುವ ಬಟನ್! ಸಂಕೋಚವಿಲ್ಲದೆ ಒತ್ತಿದೆ. ಅಷ್ಟು ಹೊತ್ತು ಅಲ್ಲಿ ಕೂತದ್ದು ನೋಡಿದರೆ ಅದು ಸುಳ್ಳೂ ಅಲ್ಲ. ಹದಿನೇಳನೇ ಕ್ಲಿಕ್. ಫೈಲ್ ಮಾತ್ರ ಬರಲಿಲ್ಲ.

ಇಷ್ಟೆಲ್ಲ ಯಾವ ಮಹಾ ಕೆಲಸಕ್ಕೆ? ಪಿಡಿಎಫ್ ಅಡೋಬಿ ಕಂಪನಿ 1993ರಲ್ಲಿ ಹೊರತಂದದ್ದು. 2008ರಿಂದ ಅದು ಐಎಸ್ಒ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡ. ಅದರ ಒಳರಚನೆ ಗುಟ್ಟೇನಲ್ಲ. ಎರಡು ಫೈಲಿನ ಪುಟಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ಯಾವ ಪುಟ ಎಲ್ಲಿದೆ ಎಂಬ ಪಟ್ಟಿ ಹೊಸದಾಗಿ ಬರೆದರೆ ಮುಗಿಯಿತು. ಕಂಪ್ಯೂಟರಿಗೆ ಇದು ಕಣ್ಣು ಮಿಟುಕಿಸುವಷ್ಟೂ ಕೆಲಸವಲ್ಲ. ನಮ್ಮ ಬ್ರೌಸರೇ ಇದನ್ನು ಕೂತಲ್ಲೇ ಮಾಡಬಲ್ಲದು, ಫೈಲ್ ಯಾರ ಮನೆಗೂ ಹೋಗಬೇಕಿಲ್ಲ. ಹಾಗೆ ಮಾಡುವ ಪುಣ್ಯಾತ್ಮರೂ ಇದ್ದಾರೆ. ಫೋಟೊಪಿಯಾ ಎಂಬ ಫೋಟೊ ಎಡಿಟರ್ ಶುರುವಾದದ್ದು ಇವಾನ್ ಕುಟ್ಸ್‌ಕಿರ್ ಎಂಬ ಒಬ್ಬನೇ ಮನುಷ್ಯನಿಂದ. ಸೈಟ್ ತೆರೆದರೆ ನೇರ ಕೆಲಸ, ಖಾತೆ ಗೀತೆ ಕೇಳುವುದಿಲ್ಲ. ಚಿತ್ರದ ತೂಕ ಇಳಿಸಲು ಸ್ಕ್ವೂಶ್ ಇದೆ, ಅದೂ ಹಾಗೇ. ಯಾವ ಸೈಟು ಹೇಗೆ ಅಂತ ಪರೀಕ್ಷೆ ಮಾಡುವುದೂ ಸುಲಭ: ಪುಟ ತೆರೆದುಕೊಂಡ ಮೇಲೆ ಇಂಟರ್ನೆಟ್ ಆಫ್ ಮಾಡಿ, ಆಮೇಲೆ ಫೈಲ್ ಕೊಡಿ. ಆಗಲೂ ಕೆಲಸ ನಡೆದರೆ ಅದು ನಿಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತಿದೆ ಅಂತ. ‘ಸರ್ವರ್ ಸಿಗುತ್ತಿಲ್ಲ’ ಅಂತ ಅತ್ತರೆ, ನಿಮ್ಮ ಫೈಲು ಊರು ಸುತ್ತಲು ಹೊರಟಿತ್ತು ಅಂತಲೇ ಅನುಮಾನಿಸಿ. ತಮಾಷೆ ಅಲ್ಲ, 2025ರ ಮಾರ್ಚಿನಲ್ಲಿ ಅಮೆರಿಕದ ಎಫ್‌ಬಿಐನ ಡೆನ್ವರ್ ಕಚೇರಿ, ಫೈಲ್ ಬದಲಿಸಿ ಕೊಡುವ ಪುಕ್ಕಟೆ ಸೈಟುಗಳ ವೇಷದಲ್ಲಿ ಕಳ್ಳ ಸಾಫ್ಟ್‌ವೇರ್ ಬರುತ್ತಿದೆ ಅಂತ ಎಚ್ಚರಿಸಿತ್ತು.

ಇಷ್ಟೆಲ್ಲ ಗೊತ್ತಿದ್ದವನು ಸೀದಾ ಒಳ್ಳೇ ಸೈಟು ಹುಡುಕಬೇಕಿತ್ತು. ಹುಡುಕಲು ಹೊರಟೆ ಕೂಡ. ದಾರಿಯಲ್ಲಿ ಒಂದು ವಿಡಿಯೊ ಸಿಕ್ಕಿತು: ‘ನಿಮ್ಮ ಬದುಕು ಬದಲಿಸುವ 50 ವೆಬ್‌ಸೈಟುಗಳು. 37ನೆಯದನ್ನು ತಪ್ಪಿಸಬೇಡಿ!’ ಇಂಥ ವಿಡಿಯೊ ಇದುವರೆಗೆ ನಾನು ಕಡಿಮೆಯೆಂದರೂ ನಲವತ್ತು ನೋಡಿದ್ದೇನೆ. ಲೆಕ್ಕದ ಪ್ರಕಾರ ನನ್ನ ಬದುಕು ಎರಡು ಸಾವಿರ ಸಲ ಬದಲಾಗಿರಬೇಕು. 37ನೆಯದು, ಗೊತ್ತಲ್ಲ, ವಿಡಿಯೊ ಮಾಡಿದವರಿಗೆ ದುಡ್ಡು ಕೊಟ್ಟ ಸೈಟು.

ಅಲ್ಲಿ ಒಂದು ಟೈಮರ್ ಕಂಡಿತು. 1980ರ ದಶಕದ ಕೊನೆಯಲ್ಲಿ ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬ ಇಟಲಿಯ ವಿದ್ಯಾರ್ಥಿ, ಓದಿನಲ್ಲಿ ಮನಸ್ಸು ನಿಲ್ಲದೆ, ಟೊಮೆಟೊ ಆಕಾರದ ಅಡುಗೆಮನೆ ಗಡಿಯಾರಕ್ಕೆ ಕೀಲಿ ಕೊಟ್ಟು ಕೂತ. ಇಟಾಲಿಯನ್‌ನಲ್ಲಿ ಟೊಮೆಟೊಗೆ ಪೊಮೊಡೊರೊ, ಅವನ ವಿಧಾನಕ್ಕೂ ಅದೇ ಹೆಸರು. 25 ನಿಮಿಷ ಕೆಲಸ, ಐದು ನಿಮಿಷ ವಿರಾಮ. ಆ ಗಡಿಯಾರ ಅವನ ಇಮೇಲ್ ಕೇಳಲಿಲ್ಲ. ಈಗಿನ ಟೈಮರಿಗೆ ಖಾತೆ ಬೇಕು, ತಿಂಗಳ ಚಂದಾ ಬೇಕು, ಎಐ ಬೇರೆ ಇದೆ. ‘ನಿಮ್ಮ 25 ನಿಮಿಷ ಈಗ ಇನ್ನಷ್ಟು ಬುದ್ಧಿವಂತ’ ಅಂತೆ. ನಿಮಿಷಕ್ಕೆ ಬುದ್ಧಿ ಬಂದು ಏನಾಗಬೇಕು? ಅರುವತ್ತು ಸೆಕೆಂಡು ಇದ್ದರೆ ಸಾಲದೇ?

ಬೈಯುತ್ತಲೇ ಬುಕ್‌ಮಾರ್ಕ್ ಮಾಡಿಕೊಂಡೆ.

ಹೀಗೆ ಅಡ್ಡಾಡುವಾಗಲೇ ಸುಖ ಸಿಗುತ್ತಿದ್ದ ಕಾಲವೊಂದಿತ್ತು. 2001ರಲ್ಲಿ ಶುರುವಾದ ಸ್ಟಂಬಲ್‌ಅಪಾನ್‌ನಲ್ಲಿ ಒಂದು ಬಟನ್ ಒತ್ತಿದರೆ ಸಾಕು, ಯಾವುದೋ ಮೂಲೆಯ ವಿಚಿತ್ರ ಪುಟಕ್ಕೆ ಎಳೆದುಕೊಂಡು ಹೋಗಿ ಬಿಡುತ್ತಿತ್ತು. ಅದು ನಿಜವಾಗಿ ಒಂದೇ ಕ್ಲಿಕ್. 2018ರಲ್ಲಿ ಅದನ್ನು ಮುಚ್ಚಿದರು. ಎಲ್ಲರಿಗೂ ಬೇಕು ಅಂತ ನುಗ್ಗಿದ್ದು ಬೇರೆಯೇ. 2009ರಲ್ಲಿ, ಮೇಲ್, ಚಾಟ್ ಎಲ್ಲ ಒಂದೇ ಕಡೆ ಸೇರಿಸಿದ ಗೂಗಲ್ ವೇವ್‌ನ ಆಹ್ವಾನಕ್ಕಾಗಿ ಜನ ಅಂಗಲಾಚಿದರು, ನಾನೂ ಅಂಗಲಾಚಿದೆ. ಒಳಗೆ ಹೋಗಿ ನೋಡಿದರೆ ಮಾತಾಡಲು ಯಾರೂ ಇಲ್ಲ. ಬೇಕಾದವರಿಗೆಲ್ಲ ಇನ್ನೂ ಆಹ್ವಾನ ಸಿಕ್ಕಿರಲಿಲ್ಲ. 2010ರ ಆಗಸ್ಟಿನಲ್ಲಿ ಕಂಪನಿಯೇ ಕೈಬಿಟ್ಟಿತು. 2014ರಲ್ಲಿ ‘ಯೋ’ ಎಂಬ ಆ್ಯಪ್ ಬಂತು. ಅದರಲ್ಲಿ ಇನ್ನೊಬ್ಬರಿಗೆ ಕಳಿಸಬಹುದಾಗಿದ್ದದ್ದು ‘ಯೋ’ ಎಂಬ ಒಂದೇ ಪದ. ಅದಕ್ಕೂ ಹಣ ಹೂಡುವವರು ಸಿಕ್ಕಿದರು.

ಇವುಗಳ ಮುಂದೆ 2008ರ ‘ಐ ಆಮ್ ರಿಚ್’ ಎಂಬ ಐಫೋನ್ ಆ್ಯಪ್ ಎಷ್ಟು ಪ್ರಾಮಾಣಿಕ ಅನ್ನಿಸುತ್ತದೆ. ಬೆಲೆ 999.99 ಡಾಲರ್. ತೆರೆದರೆ ಕೆಂಪಗೆ ಹೊಳೆಯುವ ಒಂದು ಹರಳು, ಇನ್ನೇನೂ ಇಲ್ಲ. ಇನ್ನೇನೂ ಇಲ್ಲ ಅಂತ ಅದು ಮೊದಲೇ ಹೇಳಿತ್ತು. ಆ್ಯಪಲ್ ತೆಗೆದುಹಾಕುವ ಮುಂಚೆ ಎಂಟು ಜನ ಕೊಂಡರು. ನನ್ನ ಪಿಡಿಎಫ್ ಸೈಟೂ ಏನೂ ಕೊಡಲಿಲ್ಲ, ಆದರೆ ‘ಉಚಿತ’ ಅಂದಿತ್ತು.

ವರ್ಡಲ್ ಒಂದು ಇತ್ತಲ್ಲ, ಅದನ್ನು ನೆನೆದರೆ ಹೊಟ್ಟೆ ತಣ್ಣಗಾಗುತ್ತದೆ. ಜಾಶ್ ವಾರ್ಡಲ್ ತನ್ನ ಸಂಗಾತಿಗಾಗಿ ಮಾಡಿದ ಪದದಾಟ. ದಿನಕ್ಕೆ ಒಂದೇ ಪದ. ಜಾಹೀರಾತಿಲ್ಲ, ನೋಟಿಫಿಕೇಶನ್ ಇಲ್ಲ, ‘ನಿಮ್ಮನ್ನು ಮಿಸ್ ಮಾಡಿಕೊಂಡೆವು’ ಎಂಬ ಗೋಳಿಲ್ಲ. 2021ರ ನವೆಂಬರ್ 1ರಂದು ಆಡಿದವರು 90 ಜನ. ಎರಡು ತಿಂಗಳಲ್ಲಿ ದಿನಕ್ಕೆ ಮೂರು ಲಕ್ಷ ದಾಟಿತು. ಏನನ್ನೂ ಕೇಳದ ಸೈಟಿಗೆ ಇಷ್ಟು ಜನ ಬರುತ್ತಾರೆ ಎಂಬ ಸಂಗತಿ ಉಳಿದವರ ಕಣ್ಣು ತೆರೆಸಬೇಕಿತ್ತು. ತೆರೆಸಿತು ಕೂಡ. ಅದೇ ಥರದ ನೂರಾರು ಆಟ ಹುಟ್ಟಿದವು, ಹೆಚ್ಚಿನವು ಜಾಹೀರಾತಿನ ಜೊತೆಗೆ. 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಮೂಲ ಆಟವನ್ನೇ ಕೊಂಡುಕೊಂಡಿತು.

ಒಂಬತ್ತೂವರೆ ಆಯಿತು. ಆ ಸಂಜೆಯ ಗಳಿಕೆ: ಆರು ಹೊಸ ಬುಕ್‌ಮಾರ್ಕ್, ಮೂರು ಹೊಸ ಖಾತೆ, ಒಂದು ಟೈಮರ್. ಎರಡು ಪಿಡಿಎಫ್ ಎರಡಾಗಿಯೇ ಇದ್ದವು. ಮಾನ ಬಿಟ್ಟು ಭಾವನಿಗೆ ಎರಡನ್ನೂ ಬೇರೆ ಬೇರೆಯಾಗಿ ಕಳಿಸಿದೆ. ‘ತಡವಾಯ್ತು, ಸಾರಿ’ ಅಂತಲೂ ಬರೆದೆ. ಎರಡು ನಿಮಿಷದಲ್ಲಿ ಉತ್ತರ ಬಂತು. ‘ಪರವಾಗಿಲ್ಲ, ಪ್ರಿಂಟ್ ತೆಗೆದು ಪಿನ್ ಹೊಡೆದೆ.’ ಸ್ಟೇಪ್ಲರ್! ಅದಕ್ಕೆ ಕುಕ್ಕಿ ಇಲ್ಲ, ಕೋಡ್ ಇಲ್ಲ, ಮತ್ತು ಅದರದ್ದು ಒಂದೇ ಕ್ಲಿಕ್.

ಮರುದಿನ ಬೆಳಿಗ್ಗೆ ಆ ಸೈಟಿನಿಂದ ಇಮೇಲ್: ‘ಪ್ರಿಯ ಬಳಕೆದಾರರ ಹೆಸರು, ನಿಮ್ಮ ಫೈಲ್ ನಿಮಗಾಗಿ ಕಾಯುತ್ತಿದೆ.’ ಮಧ್ಯಾಹ್ನ ಇನ್ನೊಂದು: ‘ಇನ್ನೂ ಕಾಯುತ್ತಿದೆ.’ ಸಂಜೆಗೆ ಮೂರನೆಯದು, ಸ್ವಲ್ಪ ಮುನಿಸಿನ ದನಿಯಲ್ಲಿ. ಖಾತೆ ಅಳಿಸೋಣ ಅಂತ ಹೊರಟೆ. 2010ರಲ್ಲಿ ಹ್ಯಾರಿ ಬ್ರಿಗ್ನಲ್ ಎಂಬ ವಿನ್ಯಾಸಕಾರ ಇಂಥ ಮೋಸದ ವಿನ್ಯಾಸಗಳಿಗೆ ‘ಡಾರ್ಕ್ ಪ್ಯಾಟರ್ನ್’ ಅಂತ ಹೆಸರಿಟ್ಟು ಪಟ್ಟಿ ಮಾಡತೊಡಗಿದ. ಅದರಲ್ಲಿ ಒಂದಕ್ಕೆ ಜಿರಳೆ ಬೋನು ಅಂತ ಹೆಸರು. ಒಳಗೆ ಹೋಗುವುದು ಸಲೀಸು, ಹೊರಗೆ ಬರಲು ದಾರಿಯಿಲ್ಲ. ನನಗೆ ಮೀಸೆ ಚಿಗುರಿದ ಹಾಗೆ ಅನ್ನಿಸತೊಡಗಿತು. ಸೆಟ್ಟಿಂಗ್ಸ್, ಅದರೊಳಗೆ ಖಾತೆ, ಅದರೊಳಗೆ ‘ಇತರೆ’, ಅದರೊಳಗೆ ‘ಸಹಾಯ’ ಎಲ್ಲ ದಾಟಿ ಹೋದ ಮೇಲೆ ಕೊನೆಗೂ ಆ ಪುಟ ಸಿಕ್ಕಿತು.

‘ನೀವು ಹೊರಡುತ್ತಿರುವುದು ನಮಗೆ ಬೇಸರ ತಂದಿದೆ. ಖಾತೆ ಅಳಿಸಲು ಈ ಕೆಳಗಿನ ಅರ್ಜಿಯನ್ನು ತುಂಬಿ, ನಿಮ್ಮ ಗುರುತಿನ ಪುರಾವೆಯ ಪ್ರತಿಯೊಂದಿಗೆ ಕಳುಹಿಸಿ. ಗಮನಿಸಿ: ಎರಡನ್ನೂ ಸೇರಿಸಿ ಒಂದೇ ಪಿಡಿಎಫ್ ಮಾಡಿರಬೇಕು.’