ಮುಖ್ಯ ಅತಿಥಿಯನ್ನು ತೀರ್ಪುಗಾರರ ಕುರ್ಚಿಯಲ್ಲಿ ಕೂರಿಸಬೇಡಿ

ಜುಲೈ 1ರ ಪತ್ರಿಕಾ ದಿನಾಚರಣೆ ಮುಗಿಯುತ್ತಿದ್ದಂತೆ ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನದ ತಯಾರಿ ಶುರುವಾಗುತ್ತದೆ. ಅದರ ಜತೆಗೇ ಫೋಟೊ ಸ್ಪರ್ಧೆಗಳ ಪೋಸ್ಟರ್‌ಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತವೆ. ಪೋಸ್ಟರಿನಲ್ಲಿ ಬಹುಮಾನದ ಮೊತ್ತ ದಪ್ಪಕ್ಷರದಲ್ಲಿ ಇರುತ್ತದೆ, ಉದ್ಘಾಟಕರ ಫೋಟೊ ಇರುತ್ತದೆ, ಪ್ರಾಯೋಜಕರ ಲೋಗೊ ಇರುತ್ತದೆ. ತೀರ್ಪುಗಾರರ ಹೆಸರು ಮಾತ್ರ ಇರುವುದಿಲ್ಲ. ಬಹುಮಾನ ವಿತರಣೆಯ ದಿನ ವೇದಿಕೆಯಲ್ಲಿ ಗೊತ್ತಾಗುತ್ತದೆ: ಒಬ್ಬರು ಹಿರಿಯ ಸ್ಟುಡಿಯೊ ಮಾಲೀಕರು, ಒಬ್ಬರು ಸಲೋನ್‌ಗಳಲ್ಲಿ (ಕಲಾತ್ಮಕ ಛಾಯಾಚಿತ್ರಗಳ ಸ್ಪರ್ಧಾ ಪ್ರದರ್ಶನಗಳಲ್ಲಿ) ಪದಕ ಗೆದ್ದವರು, ಇನ್ನೊಬ್ಬರು ಹೇಗೂ ಮುಖ್ಯ ಅತಿಥಿಯಾಗಿ ಬರುವವರೇ, ಹಾಗಾಗಿ ಅವರನ್ನೂ ಸೇರಿಸಿಕೊಂಡದ್ದು. ಮೂವರೂ ದೊಡ್ಡವರೇ, ಅನುಮಾನವಿಲ್ಲ. ಆದರೆ ಸ್ಪರ್ಧೆಯ ಹೆಸರು ‘ಪತ್ರಿಕಾ ಛಾಯಾಚಿತ್ರ’ ಅಂತ ಇದ್ದಾಗ ಆ ಮೇಜಿನ ಸುತ್ತ ಸುದ್ದಿಚಿತ್ರ ಆರಿಸುವುದನ್ನೇ ಕಸುಬು ಮಾಡಿಕೊಂಡ ಒಬ್ಬರಾದರೂ ಬೇಡವೇ?

ಸಲೋನ್ ತೀರ್ಪಿಗೂ ಸುದ್ದಿಚಿತ್ರದ ತೀರ್ಪಿಗೂ ಇರುವ ವ್ಯತ್ಯಾಸ ರುಚಿಗೆ ಸಂಬಂಧಿಸಿದ್ದಲ್ಲ, ಪ್ರಶ್ನೆಗೆ ಸಂಬಂಧಿಸಿದ್ದು. ಸಲೋನ್ ತೀರ್ಪುಗಾರರು ಕೇಳುವುದು ‘ಚಿತ್ರ ಹೇಗಿದೆ?’ ಅಂತ. ಸುದ್ದಿಚಿತ್ರದ ತೀರ್ಪುಗಾರರು ಮೊದಲು ಕೇಳಬೇಕಾದ್ದು ‘ಇದು ನಿಜವಾಗಿ ನಡೆದದ್ದಾ? ನಡೆದದ್ದರ ಬಗ್ಗೆ ಇದು ಏನು ಹೇಳುತ್ತದೆ?’ ಅಂತ. ಅಂತರರಾಷ್ಟ್ರೀಯ ಸಲೋನ್ ಸಂಸ್ಥೆಗಳೇ ತಮ್ಮ ಫೋಟೊ ಜರ್ನಲಿಸಂ ವಿಭಾಗಕ್ಕೆ ಈ ನಿಯಮ ಬರೆದಿಟ್ಟಿವೆ. ಕಲಾತ್ಮಕತೆಗಿಂತ ಕಥೆ ಹೇಳುವ ಗುಣಕ್ಕೆ ಹೆಚ್ಚು ತೂಕ. ಫೋಟೊಗಾಗಿಯೇ ಏರ್ಪಡಿಸಿದ ದೃಶ್ಯ ನಡೆಯುವುದಿಲ್ಲ. ಕ್ರಾಪ್ ಮಾಡಬಹುದು, ಆದರೆ ಚಿತ್ರದೊಳಗಿನ ಯಾವುದನ್ನೂ ಸೇರಿಸುವಂತಿಲ್ಲ, ಸರಿಸುವಂತಿಲ್ಲ, ಅಳಿಸುವಂತಿಲ್ಲ. ನಿಯಮ ಇದೆ. ಅದನ್ನು ಓದಿಕೊಂಡು ಕೂತವರು ಎಷ್ಟು ಜನ ಎಂಬುದೇ ಪ್ರಶ್ನೆ.

ನಮ್ಮ ಮಂಗಳೂರು-ಉಡುಪಿ ಕಡೆಯದ್ದೇ ಉದಾಹರಣೆ, ಬೀಸುಬಲೆಯ ಚಿತ್ರ. ಸಂಜೆ ಬೆಳಕು, ಹೊಳೆಯ ನೀರು ಚಿನ್ನದ ಬಣ್ಣ, ದೋಣಿಯ ತುದಿಯಲ್ಲಿ ನಿಂತ ಮೀನುಗಾರ, ಗಾಳಿಯಲ್ಲಿ ಪೂರ್ತಿ ಅರಳಿದ ಬಲೆ. ಚಂದವೇ, ಇಲ್ಲ ಅನ್ನುವುದು ಹೇಗೆ? ‘ಬದುಕಿನ ಬಲೆ’ ಅಂತಲೋ ಏನೋ ಶೀರ್ಷಿಕೆ. ಒಂದೇ ಚಿತ್ರ ನೋಡಿದರೆ ಬಹುಮಾನ ಕೊಡಬೇಕು ಅನಿಸುತ್ತದೆ. ಈಗ ಅದೇ ಕ್ಯಾಮೆರಾದಿಂದ ಅದಕ್ಕೂ ಮುಂಚಿನ ಮೂರು, ನಂತರದ ಮೂರು ಫ್ರೇಮು ತರಿಸಿ ನೋಡಿ. ಅದೇ ಮನುಷ್ಯ, ಅದೇ ಜಾಗ. ದೋಣಿ ಒಂದಡಿ ಆಚೀಚೆ ಆಗಿಲ್ಲ. ಎರಡೆರಡು ನಿಮಿಷಕ್ಕೆ ಮತ್ತೆ ಮತ್ತೆ ಬಲೆ ಎಸೆಯುತ್ತಿದ್ದಾನೆ. ಬೀಸಿದ ಬಲೆ ತಳಕ್ಕೆ ಇಳಿಯುವವರೆಗೆ ಕಾಯುವ ಗೋಜಿಲ್ಲ, ದೋಣಿಯಲ್ಲಿ ಮೀನಿನ ಬುಟ್ಟಿಯಿಲ್ಲ. ಒಂದು ಫ್ರೇಮಿನ ಅಂಚಿನಲ್ಲಿ ಇನ್ನಿಬ್ಬರು ಫೋಟೊಗ್ರಾಫರ್‌ಗಳ ಟ್ರೈಪಾಡ್ ಕಾಲು. ಅದು ಛಾಯಾಗ್ರಹಣ ಕಾರ್ಯಾಗಾರಕ್ಕೆ ಹೇಳಿ ಮಾಡಿಸಿದ ಚಿತ್ರ. ಚಂದಕ್ಕೇ ಬೆಲೆ ಕೊಡುವ ಪಿಕ್ಟೋರಿಯಲ್ ವಿಭಾಗದಲ್ಲಿ ಧಾರಾಳವಾಗಿ ಗೆಲ್ಲಲಿ. ಮೀನುಗಾರರ ಬದುಕಿನ ಬಗ್ಗೆ ಅದು ಸುದ್ದಿ ಹೇಳುತ್ತಿಲ್ಲ, ಅಷ್ಟೇ. ಇದನ್ನು ಹಿಡಿಯಲು ದೊಡ್ಡ ತಂತ್ರಜ್ಞಾನ ಬೇಡ, ಪಕ್ಕದ ಫ್ರೇಮುಗಳನ್ನು ಕೇಳುವ ಅಭ್ಯಾಸ ಬೇಕು. ಬೀಸುಬಲೆ ಹೇಗೆ ಹಾಕುತ್ತಾರೆ ಅಂತ ಕಂಡ ಒಬ್ಬರೂ ಬೇಕು.

ಹಾಗಾದರೆ ಮೇಜಿನ ಸುತ್ತ ಯಾರಿರಬೇಕು? ಐದು ಜನ. ಮೂವರಿದ್ದರೆ ಒಬ್ಬರ ದನಿ ಜೋರಾದ ಕೂಡಲೇ ಮುಗಿಯಿತು, ಏಳಾದರೆ ಜಿಲ್ಲಾ ಮಟ್ಟದ ಬಜೆಟ್ಟಿಗೆ ಭಾರ. ಐವರಲ್ಲಿ ಒಬ್ಬರು ಕಡ್ಡಾಯವಾಗಿ ಫೋಟೊ ಎಡಿಟರ್ ಅಥವಾ ಮುಖಪುಟದ ಚಿತ್ರ ಆರಿಸಿ ಅನುಭವವಿರುವ ಸುದ್ದಿ ಸಂಪಾದಕರು. ಇನ್ನೊಬ್ಬರು ಫೀಲ್ಡಿನಲ್ಲಿ ದುಡಿದ ಪತ್ರಿಕಾ ಛಾಯಾಗ್ರಾಹಕರು, ಈ ವರ್ಷ ಸ್ಪರ್ಧೆಯಲ್ಲಿ ಇಲ್ಲದವರು. ಮತ್ತೊಬ್ಬರು ಚಿತ್ರದ ಡಿಜಿಟಲ್ ಫೈಲು ಬಿಚ್ಚಿ, ತಿದ್ದಿದ್ದಾರಾ ಅಂತ ನೋಡಬಲ್ಲವರು. ನಾಲ್ಕನೆಯವರು ಕ್ಯಾಮೆರಾ ಹಿಡಿಯದವರಾದರೂ ಅಡ್ಡಿಯಿಲ್ಲ. ಕಾನೂನು, ಸಮಾಜ, ಊರಿನ ಆಚರಣೆ ಬಲ್ಲವರಾಗಿರಲಿ. ಐದನೆಯ ಕುರ್ಚಿಗೆ ಬೇಕಾದರೆ ನಿಮ್ಮ ಸಲೋನ್ ಪದಕದವರನ್ನು ಕರೆಯಿರಿ, ಬೇಡ ಅನ್ನುವುದಿಲ್ಲ. ಇವರಲ್ಲದೆ ಮತವಿಲ್ಲದ ಒಬ್ಬ ಕಾರ್ಯದರ್ಶಿ ಬೇಕು. ನಿಯಮ ನೆನಪಿಸುವುದು, ಲೆಕ್ಕ ಬರೆಯುವುದು, ಮಾತು ಹಳಿ ತಪ್ಪಿದಾಗ ತಡೆಯುವುದು ಅವರ ಕೆಲಸ. 1955ರಲ್ಲಿ ಶುರುವಾದ ಅಂತರರಾಷ್ಟ್ರೀಯ ಸುದ್ದಿಚಿತ್ರ ಸ್ಪರ್ಧೆ ವರ್ಲ್ಡ್ ಪ್ರೆಸ್ ಫೋಟೊದಲ್ಲೂ ಹೀಗೆ ಮತವಿಲ್ಲದ ಕಾರ್ಯದರ್ಶಿ ಇರುತ್ತಾರೆ.

ಐವರಲ್ಲಿ ಕನಿಷ್ಠ ಇಬ್ಬರು ಹೊರಗಿನವರಿರಲಿ. ಹುಬ್ಬಳ್ಳಿಯವರೋ, ಬೆಂಗಳೂರಿನವರೋ, ಕೊಚ್ಚಿಯವರೋ. ಕಾರಣ ಸರಳ. ಫೈಲಿಗೆ ನಂಬರ್ ಹಾಕಿ ಹೆಸರು ಅಳಿಸಿದರೂ ಮಂಗಳೂರು-ಉಡುಪಿಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಆ ಚಿತ್ರ ಆಗಲೇ ಪತ್ರಿಕೆಯಲ್ಲಿ ಬೈಲೈನ್ (ತೆಗೆದವರ ಹೆಸರು) ಸಮೇತ ಬಂದಿರುತ್ತದೆ, ಫೇಸ್‌ಬುಕ್ಕಿನಲ್ಲಿ ನಾವೇ ಲೈಕ್ ಒತ್ತಿರುತ್ತೇವೆ. ಹಾಗಂತ ಐವರೂ ಹೊರಗಿನವರಾದರೆ ಬೇರೆ ತೊಂದರೆ. ರಾತ್ರಿ ಊರಿನ ನೇಮದಲ್ಲಿ, ಅಂದರೆ ದೈವಾರಾಧನೆಯಲ್ಲಿ, ತೆಗೆದ ಚಿತ್ರ ಯಾವುದು, ಹೋಟೆಲಿನ ವೇದಿಕೆಯಲ್ಲಿ ಪ್ರವಾಸಿಗರಿಗಾಗಿ ಕಟ್ಟಿಸಿದ ವೇಷ ಯಾವುದು ಅಂತ ಅವರಿಗೆ ಗೊತ್ತಾಗಲಿಕ್ಕಿಲ್ಲ. ದೈವದ ಬೆನ್ನಿಗೆ ಕಟ್ಟುವ ಅಣಿಯ ಹಿಂದೆ ದೊಂದಿ ಬೆಳಕಿದೆಯೋ ಎಲ್‌ಇಡಿ ಫ್ಲಡ್‌ಲೈಟ್ ಇದೆಯೋ ಅಂತ ನೋಡಿದರೆ ಸಾಲದು. ಈಗ ಊರಿನ ನೇಮದಲ್ಲೂ ಎಲ್‌ಇಡಿ ಉರಿಯುತ್ತದೆ ಮಾರಾಯ್ರೆ. ಸುತ್ತ ಕೂತ ಜನ ಯಾರು, ಅವರ ಕಣ್ಣು ಎಲ್ಲಿದೆ ಅನ್ನುವುದನ್ನು ಓದಬೇಕು. ಅದು ಊರಿನವರಿಗೆ ಮಾತ್ರ ಬರುವ ಓದು.

ತೀರ್ಪುಗಾರರ ಪತ್ರಿಕೆಯವರದ್ದೋ ಶಿಷ್ಯರದ್ದೋ ಚಿತ್ರ ಬಂದರೆ ಅವರು ಕೈ ಎತ್ತಬಾರದು, ಆ ಹೊತ್ತು ಎದ್ದು ಹೊರಗೆ ಹೋಗಬೇಕು. ಕಾರ್ಯದರ್ಶಿ ಅದನ್ನು ಬರೆದಿಡಬೇಕು. ‘ನಾನು ಸುಮ್ಮನೆ ಕೂತಿದ್ದೆ’ ಅನ್ನುವುದು ಸಾಲದು, ಸುಮ್ಮನೆ ಕೂತವರ ಮುಖವೂ ಮಾತಾಡುತ್ತದೆ.

ಇನ್ನು ನೋಡುವ ವ್ಯವಸ್ಥೆ. ಇಲ್ಲಿ ಆಗುವ ಅನ್ಯಾಯ ಯಾರ ಕಣ್ಣಿಗೂ ಬೀಳುವುದಿಲ್ಲ. ಸಭಾಭವನದ ಟ್ಯೂಬ್‌ಲೈಟ್ ಉರಿಯುತ್ತಿರುವಾಗ ಪ್ರೊಜೆಕ್ಟರಿನಲ್ಲಿ ಚಿತ್ರ ಹಾಕಿದರೆ ನೆರಳಿನ ವಿವರವೆಲ್ಲ ಮಾಯ. ರಾತ್ರಿಯ ಚಿತ್ರಗಳು ಅಲ್ಲಿಗೇ ಸೋತವು. ಅಂಗಡಿಯಿಂದ ತಂದ ದೊಡ್ಡ ಟಿವಿ ವಿವಿಡ್ ಮೋಡಿನಲ್ಲಿದ್ದರೆ ಪಿಲಿವೇಷದ (ಹುಲಿವೇಷದ) ಹಳದಿ ಕಣ್ಣು ಕುಕ್ಕುತ್ತದೆ, ಎಲ್ಲ ಮುಖಗಳೂ ಬಣ್ಣ ಬಳಿದ ಹಾಗೆ ಕಾಣುತ್ತವೆ. ಅಡೋಬ್ ಆರ್‌ಜಿಬಿಯಲ್ಲಿ (ಬಣ್ಣ ದಾಖಲಿಸುವ ಒಂದು ಮಾನದಂಡ) ಉಳಿಸಿದ ಫೈಲನ್ನು ಅದರ ಬಣ್ಣದ ಪ್ರೊಫೈಲ್ ಓದದ ತಂತ್ರಾಂಶದಲ್ಲಿ ತೆರೆದರೆ ಬಣ್ಣ ಮಾಸಿಹೋಗುತ್ತದೆ. ತೀರ್ಪುಗಾರರು ಫೋಟೊಗ್ರಾಫರನ್ನು ಬೈಯುತ್ತಾರೆ. ಎಲ್ಲರಿಂದಲೂ ಸಾಮಾನ್ಯ ಪರದೆಗಳ ಬಣ್ಣದ ಮಾನದಂಡವಾದ ಎಸ್‌ಆರ್‌ಜಿಬಿಯಲ್ಲೇ ಜೆಪೆಗ್ ಕೇಳಿ, ಉದ್ದದ ಬದಿ 3000 ಪಿಕ್ಸೆಲ್ ಇರಲಿ. ಕ್ಯಾಲಿಬ್ರೇಟ್ ಮಾಡಿದ (ಬಣ್ಣ, ಹೊಳಪು ಅಳೆದು ಸರಿಹೊಂದಿಸಿದ) ಮಾನಿಟರ್ ಬಾಡಿಗೆಗೆ ತನ್ನಿ. ಅದರ ಸೆಟ್ಟಿಂಗ್ ಹೀಗಿರಲಿ: ಬಿಳಿ ಬಿಂದು ಡಿ65, ಗಾಮಾ 2.2, ಹೊಳಪು ಚದರ ಮೀಟರಿಗೆ 120 ಕ್ಯಾಂಡೆಲಾ ಆಸುಪಾಸು. ಕಿಟಕಿಗೆ ಪರದೆ ಎಳೆಯಿರಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದ್ದನ್ನು ತೆಗೆದುಕೊಳ್ಳಲೇ ಬೇಡಿ. ಅದು ಗಾತ್ರ ಕುಗ್ಗಿಸಿ, ಕ್ಯಾಮೆರಾ ಫೈಲಿನೊಳಗೆ ಬರೆದಿಟ್ಟ ದಿನಾಂಕ ಮುಂತಾದ ಎಕ್ಸಿಫ್ ಮಾಹಿತಿಯನ್ನೂ ಅಳಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಸರಿ, ಮೇಲ್ ಅಥವಾ ಡ್ರೈವ್ ಆದರೆ ಇನ್ನೂ ಸರಿ.

ಮೊದಲ ಸುತ್ತಿನಲ್ಲಿ 600 ಚಿತ್ರ ಇವೆ ಅಂದುಕೊಳ್ಳಿ. ಒಂದಕ್ಕೆ ನಾಲ್ಕು ಸೆಕೆಂಡ್ ಅಂದರೆ 40 ನಿಮಿಷ. ಮಾತಿಲ್ಲ, ಶೀರ್ಷಿಕೆಯಿಲ್ಲ, ಬರೇ ಒಳಗೆ ಅಥವಾ ಹೊರಗೆ. ಐವರಲ್ಲಿ ಇಬ್ಬರು ಒಳಗೆ ಅಂದರೆ ಉಳಿಯಲಿ. ಮೊದಲ ಐವತ್ತು ಚಿತ್ರಗಳಿಗೆ ತೀರ್ಪುಗಾರರು ಬಿಗಿ, ಕೊನೆಯ ನೂರಕ್ಕೆ ಸುಸ್ತು. ಅದಕ್ಕೆ ಚಹಾ ಕುಡಿದು ಬಂದು ಹೊರಗೆ ಹೋದವನ್ನೆಲ್ಲ ಹಿಂದುಮುಂದಾಗಿ ಇನ್ನೊಮ್ಮೆ ಓಡಿಸಿ. ಸದ್ದಿಲ್ಲದ ಒಳ್ಳೆಯ ಚಿತ್ರಗಳು ಎರಡನೇ ಓಟದಲ್ಲೇ ಸಿಗುವುದು. ಗದ್ದಲದ ಚಿತ್ರಗಳ ನಡುವೆ ಅವು ಮೊದಲ ಸಲ ಕಣ್ಣಿಗೆ ಬೀಳುವುದಿಲ್ಲ.

ಅಂಕದ ವಿಷಯದಲ್ಲಿ ನನ್ನ ತಕರಾರು ದೊಡ್ಡದು. ಹತ್ತಕ್ಕೆ ಇಷ್ಟು ಅಂತ ಐವರೂ ಅಂಕ ಹಾಕಿ, ಕೂಡಿಸಿ, ಹೆಚ್ಚು ಬಂದದ್ದಕ್ಕೆ ಬಹುಮಾನ ಅನ್ನುವುದು ನ್ಯಾಯದ ಹಾಗೆ ಕಾಣುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಚಿತ್ರಕ್ಕೆ ಎಲ್ಲರೂ 7 ಹಾಕಿದರು, ಒಟ್ಟು 35. ಇನ್ನೊಂದಕ್ಕೆ 10, 9, 9, 3, 3, ಒಟ್ಟು 34. ಮೂವರು ಎದ್ದು ನಿಂತು ಮೆಚ್ಚಿದ ಚಿತ್ರ ಸೋತು, ಯಾರಿಗೂ ಬೇಡವೆನಿಸದ ಚಿತ್ರ ಗೆದ್ದಿತು. ಸುದ್ದಿಚಿತ್ರದ ಸ್ವಭಾವವೇ ಕೆಲವರಿಗೆ ಕಿರಿಕಿರಿ ಮಾಡುವುದು. ಅಂಕದಿಂದ ಕೊನೆಯ ಸುತ್ತಿಗೆ ಹೋಗುವ ಇಪ್ಪತ್ತನ್ನು ಆರಿಸಿ, ಸಾಕು. ಅಲ್ಲಿಂದ ಮುಂದೆ ಶೀರ್ಷಿಕೆ ಓದಿ, ಮಾತಾಡಿ, ಕೈ ಎತ್ತಿ ನಿರ್ಧರಿಸಿ. 3 ಹಾಕಿದವರು ಯಾಕೆ ಹಾಕಿದರು ಅಂತ ಬಾಯಿಬಿಟ್ಟು ಹೇಳಲಿ. ಅವರ ಕಾರಣವೇ ಸರಿಯಿದ್ದೀತು.

ಕಂಬಳದಲ್ಲಿ ಕೋಣಗಳು ಎಳೆಯುವ ಹಲಗೆಯಿಂದ ನೀರು ಚಿಮ್ಮಿಸುವ ಕನೆಹಲಗೆ ವಿಭಾಗದ ತೀರ್ಪು ಸುಲಭ. ಚಿಮ್ಮಿದ ನೀರು ಮೇಲಿನ ನಿಶಾನೆಗೆ ತಾಗಿತೋ ಇಲ್ಲವೋ, ಕೆಳಗೆ ನಿಂತ ಸಾವಿರ ಜನಕ್ಕೂ ಕಾಣುತ್ತದೆ. ಚಿತ್ರಕ್ಕೆ ಅಂಥ ನಿಶಾನೆ ಇಲ್ಲ, ಹಾಗಾಗಿಯೇ ಮಾತು ಬೇಕು. ಕಂಬಳದ ಪ್ರಸ್ತಾಪ ಬಂದದ್ದಕ್ಕೆ ಹೇಳುತ್ತೇನೆ, ಮಂಜೊಟ್ಟಿಯಲ್ಲಿ (ಓಟ ಮುಗಿಯುವ ತುದಿಯಲ್ಲಿ) ಸಾಲಾಗಿ ನಿಂತು 1/2000 ಸೆಕೆಂಡಿನ ಶಟರಿನಲ್ಲಿ ಹಿಡಿದ ನೀರಿನ ಪರದೆಯ ಚಿತ್ರಕ್ಕೆ ಪ್ರತಿ ವರ್ಷ ಬಹುಮಾನ ಕೊಡುವುದನ್ನು ನಿಲ್ಲಿಸಬಹುದು. ಜಾಗ ಸಿಕ್ಕಿದವರೆಲ್ಲರ ಕಾರ್ಡಿನಲ್ಲೂ ಅದು ಇರುತ್ತದೆ. ಕಂಬಳಕ್ಕೆ ಅವಕಾಶ ಕೊಟ್ಟ 2017ರ ತಿದ್ದುಪಡಿ ಕಾಯ್ದೆ, ಅದನ್ನು ಎತ್ತಿಹಿಡಿದ 2023ರ ಮೇ ತಿಂಗಳ ಸುಪ್ರೀಂ ಕೋರ್ಟ್ ತೀರ್ಪು, ಬಾರುಕೋಲಿನ ಜಗಳ, ಕೋಣ ಸಾಕುವ ಮನೆಯ ಖರ್ಚು, ಇಷ್ಟೆಲ್ಲ ಸುದ್ದಿ ಕರೆಯ (ಕೋಣ ಓಡುವ ಗದ್ದೆಯ) ಸುತ್ತಲೇ ಇದೆ. ಅದನ್ನು ತೋರಿಸಿದ ಚಿತ್ರದಲ್ಲಿ ನೀರು ಕಡಿಮೆ ಚಿಮ್ಮಿರಬಹುದು, ಅಷ್ಟೇ.

ಶೀರ್ಷಿಕೆ ಅಂದರೆ ಕವನವಲ್ಲ. ‘ಒಡಲ ಉರಿ’, ‘ಕಡಲ ಮುನಿಸು’ ಅಂತ ಬರೆದರೆ ತೀರ್ಪುಗಾರರು ಅದನ್ನು ಖಾಲಿ ಅಂತಲೇ ತಿಳಿಯಬೇಕು. ಎರಡು ವಾಕ್ಯ ಸಾಕು. ಮೊದಲನೆಯದರಲ್ಲಿ ಯಾರು, ಏನು, ಎಲ್ಲಿ, ಯಾವ ದಿನ. ಎರಡನೆಯದರಲ್ಲಿ ಹಿನ್ನೆಲೆ. ಉಳ್ಳಾಲದ ಕಡಲ್ಕೊರೆತದ ಚಿತ್ರವಾದರೆ ಅದು ಯಾವ ಬೀದಿಯ ಮನೆ, ತಡೆಗೋಡೆಯ ಕಲ್ಲು ಹಾಕಿದ ಮೇಲೆ ಕುಸಿದದ್ದೋ ಹಾಕುವ ಮೊದಲೋ, ಮನೆಯವರು ಈಗ ಎಲ್ಲಿದ್ದಾರೆ. ಶೀರ್ಷಿಕೆ ತಪ್ಪಾದರೆ ಚಿತ್ರವೇ ತಪ್ಪು. 2015ರಲ್ಲಿ ಜೊವಾನ್ನಿ ಟ್ರೊಯಿಲೊ ಅವರಿಗೆ ಕೊಟ್ಟ ವರ್ಲ್ಡ್ ಪ್ರೆಸ್ ಫೋಟೊ ಬಹುಮಾನ ಹಿಂದಕ್ಕೆ ಹೋದದ್ದು ಇದೇ ಕಾರಣಕ್ಕೆ. ಬೆಲ್ಜಿಯಂನ ಶಾರ್ಲೆರುವಾ ಪಟ್ಟಣದ ಕಥೆ ಅಂತ ಕೊಟ್ಟ ಸರಣಿಯಲ್ಲಿ ಒಂದು ಚಿತ್ರ ತೆಗೆದದ್ದು ಬ್ರಸೆಲ್ಸ್‌ನಲ್ಲಿ.

ಕೊನೆಯ ಸುತ್ತಿನ ಇಪ್ಪತ್ತಕ್ಕೆ ಮೂಲ ಫೈಲು (ರಾ ಫೈಲು) ಕಡ್ಡಾಯ. ನಿಕಾನಿನ ಎನ್‌ಇಎಫ್, ಕ್ಯಾನನ್ನಿನ ಸಿಆರ್3, ಸೋನಿಯ ಎಆರ್‌ಡಬ್ಲ್ಯು ಹೀಗೆ ಕ್ಯಾಮೆರಾ ಬರೆದ ರೂಪದಲ್ಲೇ ಬೇಕು. ಡಿಎನ್‌ಜಿ ಎಂಬ ಬೇರೆ ರೂಪಕ್ಕೆ ಬದಲಿಸಿ ಕಳಿಸಿದರೆ ಮೂಲ ಮತ್ತೆ ಕೇಳಿ, ತಿದ್ದಿದ ಚಿತ್ರವನ್ನೂ ಆ ರೂಪಕ್ಕೆ ತರಬಹುದು. ತಾಲ್ಲೂಕು ವರದಿಗಾರರು ಮೊಬೈಲಿನಲ್ಲಿ ತೆಗೆದಿರುತ್ತಾರೆ, ಅವರ ಹತ್ತಿರ ರಾ ಫೈಲು ಇರುವುದಿಲ್ಲ. ಫೋನಿನಿಂದ ನೇರ ಬಂದ ಫೈಲು, ಜತೆಗೆ ಗ್ಯಾಲರಿಯಲ್ಲಿ ಹಿಂದೆಮುಂದೆ ಇರುವ ಚಿತ್ರಗಳು ಸಾಕು. ಎಕ್ಸಿಫ್‌ಟೂಲ್ ಉಚಿತ ತಂತ್ರಾಂಶ. ದಿನಾಂಕ, ಕ್ಯಾಮೆರಾ, ಲೆನ್ಸ್, ಯಾವ ತಂತ್ರಾಂಶದಲ್ಲಿ ಉಳಿಸಿದ್ದು ಎಲ್ಲ ತೋರಿಸುತ್ತದೆ. ಕೆಲವು ಸಲ ಜೆಪೆಗ್ ಒಳಗಿನ ಪುಟ್ಟ ಥಂಬ್‌ನೇಲ್‌ನಲ್ಲಿ ಕ್ರಾಪ್ ಮಾಡುವ ಮೊದಲಿನ ಚಿತ್ರ ಹಾಗೇ ಕೂತಿರುತ್ತದೆ. ಆದರೆ ಎಕ್ಸಿಫ್ ದಿನಾಂಕ ತಪ್ಪಿದೆ ಅಂತ ಒಂದೇ ಏಟಿಗೆ ಹೊರಗೆ ಹಾಕಬೇಡಿ. ಬ್ಯಾಟರಿ ಬಿಚ್ಚಿಟ್ಟ ಹಳೆ ಕ್ಯಾಮೆರಾದ ಗಡಿಯಾರ ತಪ್ಪುವುದು ಮಾಮೂಲಿ. ಪಕ್ಕದ ಫ್ರೇಮುಗಳಲ್ಲೂ ಅಷ್ಟೇ ತಪ್ಪಿದ್ದರೆ ಫೋನ್ ಮಾಡಿ ಕೇಳಿ.

ನಂತರ ಮೂಲವನ್ನೂ ಸ್ಪರ್ಧೆಯ ಚಿತ್ರವನ್ನೂ ಅಕ್ಕಪಕ್ಕ ಇಟ್ಟು 100 ಶೇಕಡಾಕ್ಕೆ ಹಿಗ್ಗಿಸಿ ಮೂಲೆಯಿಂದ ಮೂಲೆಗೆ ಹೋಗಿ. ಹೊಗೆ, ನೀರು, ಜನಸಂದಣಿ, ಆಕಾಶ, ಈ ನಾಲ್ಕು ಕಡೆ ಒಂದೇ ಆಕಾರ ಎರಡು ಸಲ ಬಂದಿದೆಯಾ ನೋಡಿ. 2006ರಲ್ಲಿ ಬೈರೂತ್‌ನ ಚಿತ್ರವೊಂದರಲ್ಲಿ ಹೊಗೆಯನ್ನು ಕ್ಲೋನ್ ಮಾಡಿ (ಒಂದೇ ತುಂಡನ್ನು ನಕಲಿಸಿ ಅಂಟಿಸಿ) ಹೆಚ್ಚಿಸಿದ್ದು ಹೀಗೇ ಸಿಕ್ಕಿಬಿದ್ದದ್ದು. ಸುದ್ದಿಸಂಸ್ಥೆ ರಾಯಿಟರ್ಸ್ ಆ ಛಾಯಾಗ್ರಾಹಕರನ್ನು ಕೈಬಿಟ್ಟಿತು. ಸಹೋದ್ಯೋಗಿಯ ವಿಡಿಯೊ ಕ್ಯಾಮೆರಾವನ್ನು ಫ್ರೇಮಿನ ಮೂಲೆಯಿಂದ ಅಳಿಸಿದ್ದಕ್ಕೆ ಎಪಿ ಸುದ್ದಿಸಂಸ್ಥೆ 2014ರಲ್ಲಿ ಛಾಯಾಗ್ರಾಹಕ ನಾರ್ಸಿಸೊ ಕಾಂಟ್ರೆರಾಸ್ ಜತೆಗಿನ ಸಂಬಂಧ ಕಡಿದುಕೊಂಡಿತು. ಪುಲಿಟ್ಜರ್ ಪ್ರಶಸ್ತಿ ಗೆದ್ದ ತಂಡದಲ್ಲಿದ್ದವರು ಅವರು. ನಮ್ಮಲ್ಲಿ ‘ಒಂದು ಕರೆಂಟ್ ವಯರ್ ತೆಗೆದೆ, ಅದರಲ್ಲೇನಿದೆ?’ ಅನ್ನುತ್ತಾರೆ. ಅದರಲ್ಲಿ ಅಷ್ಟೇ ಇದೆ: ಅಲ್ಲಿ ವಯರ್ ಇತ್ತು. ನಾಯ್ಸ್ (ಕಡಿಮೆ ಬೆಳಕಿನ ಚಿತ್ರದಲ್ಲಿ ಕಾಣುವ ಕಾಳುಕಾಳು) ಕಡಿಮೆ ಮಾಡುವುದು, ಹದವಾಗಿ ಬೆಳಕು-ನೆರಳು ಸರಿಮಾಡುವುದು ಸರಿ. ಹಿನ್ನೆಲೆ ಕಾಣದಷ್ಟು ಕಪ್ಪು ಮಾಡಿದರೆ ಅದೂ ಅಳಿಸಿದ ಹಾಗೆಯೇ. 2015ರಲ್ಲಿ ವರ್ಲ್ಡ್ ಪ್ರೆಸ್ ಫೋಟೊದ ಕೊನೆಯ ಹಂತದ ಸಮೀಪ ಬಂದ ಚಿತ್ರಗಳಲ್ಲೇ ಶೇ 20ರಷ್ಟು ಇಂಥ ಕಾರಣಗಳಿಗೆ ಅನರ್ಹವಾದವು. ಈಗ ಇಲ್ಲದ್ದನ್ನು ಎಐನಿಂದ ತುಂಬುವ ಜನರೇಟಿವ್ ಫಿಲ್‌ನಂಥ ಸೌಲಭ್ಯ ಬಹಳ ಜನರ ಫೋನಿನಲ್ಲಿದೆ. ಪರಿಶೀಲನೆಗೆ ಅರ್ಧ ದಿನ ಬೇರೆಯೇ ಇಡಿ, ಊಟಕ್ಕೂ ಸಮಾರಂಭಕ್ಕೂ ನಡುವೆ ತುರುಕಬೇಡಿ.

ಕಾನೂನು ಬಲ್ಲವರು ಬೇಕು ಅಂದದ್ದಕ್ಕೆ ಕಾರಣ ಇದೆ. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್, ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಮಕ್ಕಳ ಗುರುತು ಬಯಲು ಮಾಡುವುದನ್ನು ತಡೆಯುತ್ತವೆ. ಮುಖ ಮಸುಕಾಗಿದೆ, ಆದರೆ ಸಮವಸ್ತ್ರವೂ ಮನೆಯ ಹೆಸರಿನ ಫಲಕವೂ ಕಾಣುತ್ತಿದೆ ಅಂದರೆ ಗುರುತು ಸಿಕ್ಕ ಹಾಗೆಯೇ. ಅದನ್ನೇ ಆಳೆತ್ತರದ ಪ್ರಿಂಟ್ ಹಾಕಿಸಿ ಟೌನ್‌ಹಾಲಿನಲ್ಲಿ ತೂಗುಹಾಕಿದರೆ ಹೊಣೆ ಆಯೋಜಕರದ್ದೂ ಹೌದು. 2010ರ ಮೇ 22ರಂದು ಮಂಗಳೂರಿನ ಕೆಂಜಾರಿನಲ್ಲಿ ವಿಮಾನ ದುರಂತವಾಗಿ 158 ಜನ ತೀರಿಕೊಂಡ ಊರು ಇದು. ಶವದ ಚಿತ್ರ ಪ್ರದರ್ಶನದಲ್ಲಿಟ್ಟರೆ ನೋಡಲು ಬರುವವರಲ್ಲಿ ಸಂಬಂಧಿಕರೂ ಇರುತ್ತಾರೆ ಅನ್ನುವುದನ್ನು ಇಲ್ಲಿಯ ತೀರ್ಪುಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಿಯಮಾವಳಿಯಲ್ಲಿ ಮೂರು ಸಾಲು ಸೇರಿಸಿ. ತೀರ್ಪುಗಾರರ ಹೆಸರನ್ನು ಅರ್ಜಿ ಕರೆಯುವಾಗಲೇ ಪ್ರಕಟಿಸುತ್ತೇವೆ. ಅರ್ಹ ಚಿತ್ರ ಇಲ್ಲದಿದ್ದರೆ ಬಹುಮಾನ ಕೊಡುವುದಿಲ್ಲ. ಫಲಿತಾಂಶ ಏಳು ದಿನ ತಾತ್ಕಾಲಿಕ, ಆಕ್ಷೇಪ ಬಂದರೆ ಪರಿಶೀಲಿಸುತ್ತೇವೆ. ಮೂರನೆಯದಕ್ಕೆ ಆಯೋಜಕರು ಒಪ್ಪುವುದು ಕಷ್ಟ, ವೇದಿಕೆಯಲ್ಲೇ ಚೆಕ್ ಕೊಡುವ ಫೋಟೊ ಬೇಕಲ್ಲ! ಪ್ರಮಾಣಪತ್ರ ಅವತ್ತೇ ಕೊಡಿ, ದುಡ್ಡು ಎಂಟನೇ ದಿನ ಖಾತೆಗೆ ಹಾಕಿ. ತೀರ್ಪುಗಾರರಿಗೂ ಒಂದು ದಿನದ ಸಂಭಾವನೆ, ಬಸ್ಸೋ ರೈಲೋ ಟಿಕೆಟಿನ ಹಣ ಕೊಡಿ. ಶಾಲು, ಹಾರ, ಸ್ಮರಣಿಕೆಯನ್ನು ಮುಖ್ಯ ಅತಿಥಿಗೆ ಇಟ್ಟುಕೊಳ್ಳಿ.