ಆಸ್ಪತ್ರೆಯಲ್ಲಿ ಏರುವ ಸಕ್ಕರೆ: ಸತ್ಯಾಂಶ

"ಸಕ್ಕರೆ ಕಾಯಿಲೆ ಇಲ್ಲದವರಿಗೂ ಗ್ಲೂಕೋಸ್ ಏರಿಸಿ ಸಕ್ಕರೆ ಹೆಚ್ಚಿಸುತ್ತಾರೆ, ಒಮ್ಮೆ ಇನ್ಸುಲಿನ್ ಚುಚ್ಚಿದರೆ ಜೀವನಪೂರ್ತಿ ಬಿಡುವಂತಿಲ್ಲ" ಎಂಬ ಸಂದೇಶವೊಂದು ಕುಂಬಳೆ, ಬದಿಯಡ್ಕ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಚಿಕಿತ್ಸೆಗೆಂದು ಮಂಗಳೂರಿಗೆ ಹೋಗುವ ಕಾಸರಗೋಡಿನವರು ಇದನ್ನು ನಂಬಿ ಇನ್ಸುಲಿನ್ ನಿರಾಕರಿಸಿದರೆ ಅಪಾಯ ರೋಗಿಗೇ.

ನ್ಯುಮೋನಿಯ, ಹೃದಯಾಘಾತ, ದೊಡ್ಡ ಶಸ್ತ್ರಚಿಕಿತ್ಸೆಯಂತಹ ಸಂದರ್ಭಗಳಲ್ಲಿ ದೇಹವು ಒತ್ತಡದ ಹಾರ್ಮೋನುಗಳಾದ ಕಾರ್ಟಿಸೋಲ್, ಅಡ್ರಿನಲಿನ್‌ಗಳನ್ನು ಹೆಚ್ಚಾಗಿ ಸ್ರವಿಸುತ್ತದೆ. ಅವುಗಳ ಪ್ರಭಾವದಿಂದ ಯಕೃತ್ತು ರಕ್ತಕ್ಕೆ ಹೆಚ್ಚು ಗ್ಲೂಕೋಸ್ ಬಿಡುವುದರ ಜೊತೆಗೆ ಇನ್ಸುಲಿನ್ನಿನ ಪರಿಣಾಮವೂ ಕುಗ್ಗುವುದರಿಂದ, ಹಿಂದೆ ಕಾಯಿಲೆಯೇ ಇಲ್ಲದವರಲ್ಲೂ ಸಕ್ಕರೆ ಏರಬಹುದು. ಉಬ್ಬಸಕ್ಕೆ ಕೊಡುವ ಸ್ಟೀರಾಯ್ಡ್ ಕೂಡ ಇದಕ್ಕೆ ಕಾರಣವಾಗುತ್ತದೆ. ಸಂದೇಶದಲ್ಲಿ ಎಳ್ಳಷ್ಟು ನಿಜವೂ ಇದೆ: ಶೇ. 5ರ ಡೆಕ್ಸ್‌ಟ್ರೋಸ್ (ಗ್ಲೂಕೋಸ್) ದ್ರಾವಣದ ಒಂದು ಲೀಟರಿನಲ್ಲಿ 50 ಗ್ರಾಂ ಗ್ಲೂಕೋಸ್ ಇರುತ್ತದೆ. ಆದರೆ ಎಲ್ಲ ಡ್ರಿಪ್ಪೂ ಗ್ಲೂಕೋಸ್ ಅಲ್ಲ; ನಾರ್ಮಲ್ ಸಲೈನಿನಲ್ಲಿ ಇರುವುದು ಉಪ್ಪುನೀರು ಮಾತ್ರ.

ತೀವ್ರ ನಿಗಾ ಘಟಕದಲ್ಲಿ ರಕ್ತದ ಸಕ್ಕರೆ ಡೆಸಿಲೀಟರಿಗೆ 180 ಮಿಲಿಗ್ರಾಂ ದಾಟಿ ಅಲ್ಲಿಯೇ ನಿಂತರೆ ಸಾಮಾನ್ಯವಾಗಿ ಇನ್ಸುಲಿನ್ ಆರಂಭಿಸಿ, ಅದನ್ನು 140ರಿಂದ 180ರೊಳಗೆ ಇಡಲು ಯತ್ನಿಸುತ್ತಾರೆ. ಅದಕ್ಕಿಂತ ಕೆಳಗೆ, 81–108ಕ್ಕೆ ಇಳಿಸಲು ಹೊರಟಾಗ ಸಾವುಗಳು ಹೆಚ್ಚಿದವೆಂದು 2009ರಲ್ಲಿ ಪ್ರಕಟವಾದ ನೈಸ್-ಶುಗರ್ ಅಧ್ಯಯನ ತೋರಿಸಿತು.

ಮೂಲ ಕಾಯಿಲೆ ಇಳಿದಂತೆ ಅನೇಕರಲ್ಲಿ ಇನ್ಸುಲಿನ್ ನಿಲ್ಲಿಸಲಾಗುತ್ತದೆ. ಎರಡು–ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಶೇ. 6.5 ಅಥವಾ ಅದಕ್ಕಿಂತ ಹೆಚ್ಚು ಬಂದರೆ, ರೋಗಿ ಆಸ್ಪತ್ರೆಗೆ ದಾಖಲಾಗುವ ಮೊದಲೇ ಮಧುಮೇಹ ಇದ್ದಿರಬೇಕು. ಆದರೆ ಇತ್ತೀಚೆಗೆ ರೋಗಿಗೆ ರಕ್ತ ಏರಿಸಿದ್ದರೆ ಈ ಅಂಕಿ ತಪ್ಪಬಹುದು. ಬೆರಳು ಚುಚ್ಚಿ ಸಕ್ಕರೆ ನೋಡುವ ಮುನ್ನ ಜೊತೆಗಿರುವವರು ರೋಗಿಗೆ ಗಂಜಿಯನ್ನೋ ಎಳನೀರನ್ನೋ ಕೊಟ್ಟಿದ್ದರೆ ದಾದಿಗೆ ತಿಳಿಸಬೇಕು, ಏಕೆಂದರೆ ಇನ್ಸುಲಿನ್ನಿನ ಪ್ರಮಾಣ ಆ ಅಂಕಿಯನ್ನೇ ಅವಲಂಬಿಸಿರುತ್ತದೆ.