ಪವಾಡದ ಜೊತೆ ಆ ಮಾತನ್ನೂ ಓದಿ

ಬೈಬಲಿನ ಪವಾಡಗಳೆಲ್ಲ ಯೇಸುವಿನ ಶಕ್ತಿಪ್ರದರ್ಶನ ಎಂದು ಬರೆದಿದ್ದೀರಿ ಸರ್. ನನಗೆ ಒಪ್ಪಿಗೆಯಿಲ್ಲ. ಶಕ್ತಿ ತೋರಿಸುವುದೇ ಆಗಿದ್ದರೆ, ಹಸಿದಿದ್ದಾಗ ಕಲ್ಲನ್ನು ರೊಟ್ಟಿ ಮಾಡಿಕೊಳ್ಳಬಹುದಿತ್ತಲ್ವಾ? ಮಾಡಲಿಲ್ಲ.

ಬೈಬಲಿನಲ್ಲಿ ಯೇಸುವಿನ ಬದುಕು ಹೇಳುವ ಮಾರ್ಕನ ಸುವಾರ್ತೆಯ 5ನೇ ಅಧ್ಯಾಯ ನೋಡಿ. 12 ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು. ಇದ್ದ ದುಡ್ಡೆಲ್ಲ ವೈದ್ಯರಿಗೆ ಸುರಿದಿದ್ದಾಳೆ, ಕಾಯಿಲೆ ಮಾತ್ರ ಜಾಸ್ತಿಯಾಗಿದೆ. ನಮ್ಮ ರಾಯಚೂರು ಕಡೆ ಆಸ್ಪತ್ರೆ ಖರ್ಚಿಗೆ ಹೊಲ ಮಾರಿದವರಿಗೆ ಅವಳ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಅಂದಿನ ಯೆಹೂದಿ ನಿಯಮದಲ್ಲಿ ಅವಳು ಮೈಲಿಗೆ, ಮುಟ್ಟಿದವರಿಗೂ ಮೈಲಿಗೆ. ಗುಂಪಿನಲ್ಲಿ ನುಸುಳಿ, ಹಿಂದಿನಿಂದ ಬಂದು ಯೇಸುವಿನ ಬಟ್ಟೆ ಮುಟ್ಟುತ್ತಾಳೆ. ಅಷ್ಟಕ್ಕೇ ವಾಸಿಯಾಯಿತು. ಆದರೂ ಯೇಸು ಅಲ್ಲೇ ನಿಂತು, ಯಾರು ಮುಟ್ಟಿದ್ದು ಎಂದು ಕೇಳುತ್ತಾನೆ. ಪಕ್ಕದಲ್ಲಿ ಸಭಾಮಂದಿರದ, ಅಂದರೆ ಯೆಹೂದಿಗಳ ಪ್ರಾರ್ಥನಾ ಮಂದಿರದ, ಅಧಿಕಾರಿ ಯಾಯೀರ. ಅವನ ಮಗಳು ಮನೆಯಲ್ಲಿ ಸಾಯುತ್ತಿದ್ದಾಳೆ, ಯೇಸುವನ್ನು ಕರೆದೊಯ್ಯಲು ಬಂದಿದ್ದಾನೆ. ಆ ದೊಡ್ಡ ಮನುಷ್ಯನೂ ಕಾಯಬೇಕಾಯಿತು, ಇವಳು ನಡುಗುತ್ತಾ ಎಲ್ಲಾ ಹೇಳಿ ಮುಗಿಸುವವರೆಗೆ. ಆಮೇಲೆ ಯೇಸು ಎಲ್ಲರ ಮುಂದೆ ಅವಳನ್ನು "ಮಗಳೇ" ಎಂದು ಕರೆಯುತ್ತಾನೆ.

ನನಗೆ ರಕ್ತ ನಿಂತದ್ದಕ್ಕಿಂತ ಇದೇ ದೊಡ್ಡದು. ದೂರ ಇಟ್ಟವಳನ್ನು ಊರೊಳಗೆ ಕರೆದುಕೊಂಡದ್ದು.

ಇನ್ನೊಂದು ಮಾತು. ಈ ಕಥೆ ಹೇಳಿ, ಸಕ್ಕರೆ ಕಾಯಿಲೆಯವರಿಗೆ ಮಾತ್ರೆ ಬಿಡಿ ಎನ್ನುವವರನ್ನು ದಯವಿಟ್ಟು ನಂಬಬೇಡಿ. ಕಾಯಿಲೆಯವರಿಗೆ ವೈದ್ಯ ಬೇಕು ಎಂದವನೂ ಅದೇ ಯೇಸು.